ಸಕ್ಕರೆ ಲಾರಿ ಏರಿದ ಕಾಲಪೇಟಿ

ಹೋದ ರವಿವಾರ ಮುಂಜಾನೆ ಚಹಾದ ಹೊತ್ತಿಗೆ ಅಮೆರಿಕದಿಂದ ಫೋನ್ ಬಂತು. ಚಿಕ್ಕೋಡಿಯಲ್ಲಿರುವ ನನ್ನ ತಂಗಿಯ ಮಗ ಅಲ್ಲಿ ನೌಕರಿಯಲ್ಲಿದ್ದಾನೆ.

"ಮಾಮಾ, ಒಂದ ಹಳೀ ಪಿಯಾನೊ ಪುಕ್ಕಟೆ ಸಿಕ್ಕೈತ್ರಿ. ತಾನ ಬಾರಿಸೂ ಪಿಯಾನೊ" ಅಂದ.

"ಪುಕ್ಕಟೆ ಸಿಕ್ಕರ ತಗೊಳ್ಳೋ. ಅದಕ್ಕ ನನ್ನೇನ ಕೇಳತಿ?"

"ಅದು ಇರೂ ಊರಿಗೂ ನಮ್ಮೂರಿಗೂ ಎರಡ ದಿನದ ದಾರಿ ಐತ್ರಿ. ಒಯ್ಯಾಕ ಕೇಳೂ ರೊಕ್ಕದಾಗ ಬ್ಯಾರೇದ ಎರಡ ಬರ್ತಾವ."

ಅಷ್ಟರಲ್ಲಿ ಅವನ ಒಂಬತ್ತು ವರ್ಷದ ಮಗ ಫೋನ್ ಕಸಿದುಕೊಂಡ. "ಅಜ್ಜಾ, ನೀವು ಪೇಟಿಯನ್ನ ಸಕ್ಕರೆ ಲಾರಿಯೊಳಗ ಕಳಿಸಿದ್ರಂತ! ಹೆಂಗ್ರಿ?" ಚಿಕ್ಕೋಡಿಯ ಅಜ್ಜಿ ಆ ಕತೆಯನ್ನು ಅರ್ಧ ಹೇಳಿ ನಿದ್ದೆ ಹೋದಳಂತೆ. ಉಳಿದ ಅರ್ಧ ಬರೆದು ಕಳಿಸುತ್ತೇನೆ ಅಂದೆ. ಆದ್ದರಿಂದ ಈ ವಾರದ ಮಾತು ಆ ಹುಡುಗನಿಗೆ, ಜೊತೆಗೆ ನಿಮಗೆಲ್ಲ. ಅವನಿಗೆ ಕನ್ನಡ ಓದಲು ಇನ್ನೂ ಬರುವುದಿಲ್ಲ. ಅಜ್ಜಿಯೇ ಫೋನಿನಲ್ಲಿ ಓದಿ ಹೇಳಬೇಕು, ನಡುವೆ ನಿದ್ದೆ ಮಾಡದೆ.

ಮೊದಲು ಆ ತಾನೇ ನುಡಿಯುವ ಪಿಯಾನೊದ ವಿಷಯ ಹೇಳುತ್ತೇನೆ, ಕೇಳಿದರೆ ನಗು ಬರುತ್ತದೆ. ಅದರ ಮುಂದೆ ಕೂತವನಿಗೆ ಸಂಗೀತ ಬರಬೇಕಿಲ್ಲ, ಕಾಲು ಆಡಿಸಲು ಬಂದರೆ ಸಾಕು. ಒಳಗೆ ಒಂದು ಕಾಗದದ ಸುರುಳಿ. ಅದರ ತುಂಬ ತೂತು. ಕಾಲಿನಿಂದ ತುಳಿದಾಗ ಸುರುಳಿ ಬಿಚ್ಚುತ್ತ ಒಂದು ಹಿತ್ತಾಳೆಯ ಪಟ್ಟಿಯ ಮೇಲೆ ಹಾಯುತ್ತದೆ. ಆ ಪಟ್ಟಿಯಲ್ಲೂ ಸಾಲಾಗಿ ಸಣ್ಣ ತೂತುಗಳಿವೆ, ಒಂದೊಂದು ಸ್ವರಕ್ಕೆ ಒಂದೊಂದು. ಕಾಗದದ ತೂತು ಪಟ್ಟಿಯ ತೂತಿಗೆ ಸರಿಯಾಗಿ ಬಂದ ಕೂಡಲೇ ಅಲ್ಲಿಂದ ಗಾಳಿ ಒಳಗೆ ನುಗ್ಗುತ್ತದೆ. ಒಳಗಿರುವ ಬೆರಳಿನಷ್ಟು ಪುಟ್ಟ ತಿದಿ ಕುಗ್ಗುತ್ತದೆ, ಸುತ್ತಿಗೆ ತಂತಿಗೆ ಬಡಿಯುತ್ತದೆ, ಸ್ವರ ಹೊರಡುತ್ತದೆ. ಕೀಗಳು ತಾವೇ ಏಳುತ್ತ ಬೀಳುತ್ತ ಇರುವುದನ್ನು ನೋಡಿದರೆ ಕಾಣದ ಬೆರಳು ಆಡುತ್ತಿರುವಂತೆ ಅನಿಸುತ್ತದೆ. ಜಕಾರ್ಡ್ ಮಗ್ಗದಲ್ಲಿ ಸೀರೆ ನೇಯುವುದನ್ನು ನೋಡಿದ ಮಕ್ಕಳಿಗೆ ಇದು ಬೇಗ ತಿಳಿಯುತ್ತದೆ. ಅಲ್ಲಿ ತೂತಿನ ರಟ್ಟು ಸೆರಗಿನ ಹೂವನ್ನು ಮೂಡಿಸುತ್ತದೆ, ಇಲ್ಲಿ ತೂತಿನ ಕಾಗದ ಹಾಡನ್ನು ಮೂಡಿಸುತ್ತದೆ.

ಎಡ್ವಿನ್ ವೋಟಿ ಎಂಬ ಅಮೆರಿಕದ ಮನುಷ್ಯ 1895ರಲ್ಲಿ ಇಂಥದೊಂದು ಯಂತ್ರ ಮಾಡಿದ. ಅದಕ್ಕೆ ಪಿಯಾನೊಲಾ ಎಂಬ ಹೆಸರು ಬಂತು. 1920ರ ದಶಕದಲ್ಲಿ ಅದರ ಹುಚ್ಚು ಎಷ್ಟಿತ್ತೆಂದರೆ, ಒಂದು ಹಂತದಲ್ಲಿ ಅಮೆರಿಕದಲ್ಲಿ ತಯಾರಾಗುತ್ತಿದ್ದ ಪಿಯಾನೊಗಳಲ್ಲಿ ಅರ್ಧಕ್ಕಿಂತ ಹೆಚ್ಚು ಇಂಥವೇ ಆಗಿದ್ದವು. ಆಮೇಲೆ ರೇಡಿಯೋ ಬಂತು, ಗ್ರಾಮಫೋನು ಸುಧಾರಿಸಿತು, 1929ರಲ್ಲಿ ಅಲ್ಲಿ ಜನರ ಕೈಯಲ್ಲಿದ್ದ ರೊಕ್ಕವೂ ಹೋಯಿತು. ಪಿಯಾನೊಲಾ ಮೂಲೆ ಸೇರಿತು. ಮೂಲೆ ಸೇರಿದ್ದನ್ನು ಹೊರಗೆ ತರುವುದೇ ಕಷ್ಟ. ಸಾದಾ ಪಿಯಾನೊದೊಳಗೇ ಎರಕದ ಕಬ್ಬಿಣದ ದೊಡ್ಡ ಚೌಕಟ್ಟು ಇರುತ್ತದೆ, ಏಕೆಂದರೆ ಇನ್ನೂರಕ್ಕೂ ಹೆಚ್ಚು ತಂತಿಗಳು ಎಲ್ಲ ಸೇರಿ ಹದಿನೈದು ಇಪ್ಪತ್ತು ಟನ್ನಿನಷ್ಟು ಬಲದಿಂದ ಎಳೆಯುತ್ತಿರುತ್ತವೆ. ಅದರ ಮೇಲೆ ಈ ತಿದಿ, ಕೊಳವೆ, ಸುರುಳಿಯ ಯಂತ್ರ ಬೇರೆ. ಹೀಗಾಗಿ ಮೂರು ನೂರು ಕೆ.ಜಿ. ದಾಟುವುದು ಸಾಮಾನ್ಯ. ಹಳೆಯ ಯಜಮಾನರು ತೀರಿಕೊಂಡ ಮೇಲೆ ಮಕ್ಕಳು "ಯಾರಾದರೂ ಒಯ್ಯಿರಿ, ರೊಕ್ಕ ಬೇಡ" ಅನ್ನುವುದು ಅದಕ್ಕೇ.

ನಮ್ಮ ಮನೆಯಲ್ಲಿದ್ದದ್ದು ಅದರ ಬಡ ಸಂಬಂಧಿ. ಇದೂ ಕಾಲಿನಿಂದ ಗಾಳಿ ತಿನ್ನುತ್ತದೆ. ಆದರೆ ಬಾರಿಸುವ ಬೆರಳು ಮಾತ್ರ ಮನುಷ್ಯನದೇ ಬೇಕು. ನಮ್ಮ ಕಡೆ ಇದಕ್ಕೆ ಕಾಲಪೇಟಿ ಅನ್ನುತ್ತಾರೆ. ಗಡಿಯ ಆಚೆ ಮರಾಠಿಯಲ್ಲಿ ಪಾಯಪೇಟಿ, ಪುಸ್ತಕದಲ್ಲಿ ಲೆಗ್ ಹಾರ್ಮೋನಿಯಂ. ನೀವು ಭಜನೆಯಲ್ಲಿ ನೋಡುವ ಹಾರ್ಮೋನಿಯಂ ಕೈಪೇಟಿ. ಅದನ್ನು ನುಡಿಸುವವನ ಒಂದು ಕೈ ಯಾವಾಗಲೂ ತಿದಿ ಒತ್ತುವುದರಲ್ಲೇ ಇರುತ್ತದೆ. ಕಾಲಪೇಟಿಯಲ್ಲಿ ಎರಡೂ ಕೈ ಬಿಡುವು, ಧ್ವನಿಯೂ ದೊಡ್ಡದು. ಮೈಕು ಇಲ್ಲದ ಕಾಲದಲ್ಲಿ ನಾಟಕದ ತಂಬುವಿನ ಕೊನೆಯ ಸಾಲಿನ ತನಕ ಸ್ವರ ಮುಟ್ಟಬೇಕಿತ್ತಲ್ಲ, ಅದಕ್ಕೇ ಕಂಪನಿ ನಾಟಕದವರಿಗೆ ಇದೇ ಬೇಕು.

ಹಾರ್ಮೋನಿಯಂ ಹುಟ್ಟಿದ್ದು 1840ರ ಸುಮಾರಿಗೆ ಪ್ಯಾರಿಸ್ಸಿನಲ್ಲಿ, ಅಲೆಕ್ಸಾಂಡರ್ ದಬೆ ಎಂಬವನ ಕೈಯಲ್ಲಿ. ಅದೂ ಕಾಲಿನಿಂದ ತುಳಿಯುವುದೇ ಆಗಿತ್ತು. ನೆಲದ ಮೇಲೆ ಕೂತು ಹಾಡುವ ನಮ್ಮವರಿಗೆ ಒಗ್ಗುವಂತೆ ಅದನ್ನು ಕೈಪೇಟಿ ಮಾಡಿದವರು ಕಲಕತ್ತೆಯ ದ್ವಾರಕಾನಾಥ ಘೋಷ್, 1875ರಲ್ಲಿ. ಅದಾಗಿ ಐದೇ ವರ್ಷಕ್ಕೆ, 1880ರಲ್ಲಿ, ಪುಣೆಯಲ್ಲಿ ಅಣ್ಣಾಸಾಹೇಬ ಕಿರ್ಲೋಸ್ಕರರ ಸಂಗೀತ ಶಾಕುಂತಲ ರಂಗಕ್ಕೆ ಬಂತು. ಮರಾಠಿ ಸಂಗೀತ ನಾಟಕದ ಆ ದೊಡ್ಡ ಮನುಷ್ಯ ಹುಟ್ಟಿದ್ದು ನಮ್ಮ ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ ಎಂಬುದನ್ನು ಮಕ್ಕಳು ನೆನಪಿಡಬೇಕು. ಅಲ್ಲಿಂದ ಮುಂದೆ ನಮ್ಮ ಗಡಿನಾಡಿನಲ್ಲಿ ಕನ್ನಡ ಕಂಪನಿ, ಮರಾಠಿ ಕಂಪನಿ ಎರಡಕ್ಕೂ ಪೇಟಿ ಮಾಸ್ತರ ಇಲ್ಲದೆ ಪರದೆ ಏಳುತ್ತಿರಲಿಲ್ಲ.

ನಮ್ಮಪ್ಪ ಅಂಥ ಒಬ್ಬ ಪೇಟಿ ಮಾಸ್ತರ. ಹೆಸರಾದವರಲ್ಲ. ಒಂದು ಸಣ್ಣ ಕಂಪನಿಯಲ್ಲಿ ಹದಿನಾಲ್ಕು ವರ್ಷ ಪೇಟಿ ನುಡಿಸಿದರು. ಕಂಪನಿ ಮುರಿದಾಗ ಬಾಕಿ ಪಗಾರದ ಬದಲು ಮಾಲೀಕರು ಈ ಕಾಲಪೇಟಿಯನ್ನು ಕೊಟ್ಟರು. 1940ರಲ್ಲಿ ಆಕಾಶವಾಣಿಯು ಹಾರ್ಮೋನಿಯಂ ಅನ್ನು ತನ್ನ ಕಾರ್ಯಕ್ರಮಗಳಿಂದ ಹೊರಗಿಟ್ಟಿತ್ತು. ಆ ನಿಷೇಧ ಸಡಿಲಾದದ್ದು 1971ರಲ್ಲಿ. ಅಪ್ಪ ನಗುತ್ತಿದ್ದರು: "ರೇಡಿಯೋದವರು ಬ್ಯಾಡಂದ್ರು, ಕಂಪನಿ ಮುರೀತು, ಆದ್ರೂ ಈಕಿ ನನ್ನ ಬಿಟ್ಟ ಹೋಗವಲ್ಲಳು ನೋಡು." ಪೇಟಿ ಅವರಿಗೆ ಯಾವಾಗಲೂ "ಈಕಿ".

ಆ ಕಾಲದಲ್ಲಿ ಕಂಪನಿಗಳು ಊರಿಂದ ಊರಿಗೆ ಹೇಗೆ ಹೋಗುತ್ತಿದ್ದವು ಅನ್ನುವುದನ್ನು ಹೇಳದಿದ್ದರೆ ಕತೆ ಪೂರ್ತಿಯಾಗುವುದಿಲ್ಲ. ಒಂದು ಊರಲ್ಲಿ ತಿಂಗಳು ಎರಡು ತಿಂಗಳು ಕ್ಯಾಂಪು, ಆಮೇಲೆ ಪರದೆ, ಪೆಟ್ಟಿಗೆ, ತಗಡು, ಕಂಬ, ಅಡುಗೆಯ ಪಾತ್ರೆ ಎಲ್ಲ ಕಟ್ಟಿ ಮುಂದಿನ ಊರಿಗೆ. ನೂರು ವರ್ಷ ದಾಟಿ ಬಾಳಿದ ಏಣಗಿ ಬಾಳಪ್ಪನವರು ಕಲಾವೈಭವ ನಾಟ್ಯ ಸಂಘ ಕಟ್ಟಿಕೊಂಡು ಬದುಕಿಡೀ ಸುತ್ತಿದ್ದು ಹೀಗೆಯೇ. ಮಿರಜದಿಂದ ಬೆಳಗಾವಿಯ ಕಡೆ ಹೋಗುವ ರೈಲು ದಾರಿಯಲ್ಲಿ ಶೇಡಬಾಳ, ಉಗಾರ ಖುರ್ದ, ಕುಡಚಿ, ರಾಯಬಾಗ, ಚಿಕ್ಕೋಡಿ ರೋಡ್ ಅಂತ ನಿಲ್ದಾಣಗಳಿವೆ. ಮಕ್ಕಳೇ, ಚಿಕ್ಕೋಡಿ ರೋಡ್ ಅಂದರೆ ಚಿಕ್ಕೋಡಿ ಅಲ್ಲ. ಅಲ್ಲಿ ಇಳಿದರೆ ಚಿಕ್ಕೋಡಿ ಇನ್ನೂ ದೂರ ಇರುತ್ತದೆ. ಗೊತ್ತಿಲ್ಲದೆ ಇಳಿದು ಬೈದುಕೊಂಡವರು ಬಹಳ ಮಂದಿ. ಅಥಣಿಗೂ ನಿಪ್ಪಾಣಿಗೂ ರೈಲೇ ಇಲ್ಲ. ಆದ್ದರಿಂದ ರೈಲು ಬಿಟ್ಟ ಮೇಲೆ ಚಕ್ಕಡಿ. ಅಪ್ಪ ಹೇಳುತ್ತಿದ್ದರು, ಕಂಪನಿ ಮಾಲೀಕರು ಚಕ್ಕಡಿಗೆ ಬಾಡಿಗೆ ಹುಡುಕುತ್ತಿರಲಿಲ್ಲವಂತೆ. ಅಥಣಿ ಕಡೆಯಿಂದ ಮಾಲು ಹೇರಿಕೊಂಡು ಸ್ಟೇಷನ್ನಿಗೆ ಬಂದು, ಇಳಿಸಿ, ಖಾಲಿ ತಿರುಗುವ ಚಕ್ಕಡಿಗಳಿಗಾಗಿ ಕಾಯುತ್ತಿದ್ದರಂತೆ. ಒಂದು ದಿನ, ಎರಡು ದಿನ ಸ್ಟೇಷನ್ನಿನ ಬೇವಿನ ಗಿಡದ ಕೆಳಗೇ ಅಡುಗೆ. "ಖಾಲಿ ಹೋಗೂ ಎತ್ತಿಗೆ ಎಷ್ಟ ಕೊಟ್ಟರೂ ಲಾಭಾನ" ಅನ್ನುವುದು ಮಾಲೀಕರ ಲೆಕ್ಕ. ಇದು ನನಗೆ ಐವತ್ತು ವರ್ಷದ ಮೇಲೆ ಉಪಯೋಗಕ್ಕೆ ಬಂತು.

ನಮ್ಮ ಹಳ್ಳಿ ಕಾಗವಾಡ ತಾಲ್ಲೂಕಿನಲ್ಲಿ, ಕೃಷ್ಣೆಯ ದಂಡೆಗೆ. ನಾನು ಶಾಲೆ ಕಲಿಯುವಾಗ ಕಾಗವಾಡ ಅಥಣಿ ತಾಲ್ಲೂಕಿನಲ್ಲಿತ್ತು, ನಿಪ್ಪಾಣಿ ಚಿಕ್ಕೋಡಿ ತಾಲ್ಲೂಕಿನಲ್ಲಿತ್ತು. ಈಗ ಎರಡೂ ಬೇರೆ ತಾಲ್ಲೂಕುಗಳಾಗಿವೆ. ತಾಲ್ಲೂಕು ಬದಲಾದರೂ ಹೊಳೆ ಬದಲಾಗಲಿಲ್ಲ. 2005ರಲ್ಲಿ ನೀರು ಓಣಿಗೆ ಬಂದಿತ್ತು. 2019ರ ಆಗಸ್ಟಿನಲ್ಲಿ ಮನೆಯೊಳಗೇ ಬಂತು. ದನ ಬಿಚ್ಚಿ, ಮುದುಕರನ್ನು ಕೂಡ್ರಿಸಿ ಗಂಜಿ ಕೇಂದ್ರಕ್ಕೆ ಹೋಗುವ ಗಡಿಬಿಡಿಯಲ್ಲಿ ಓಣಿಯ ನಾಲ್ಕು ಹುಡುಗರು ಕಾಲಪೇಟಿಯನ್ನು ಅಟ್ಟಕ್ಕೆ ಏರಿಸಿದರು. ನೀರು ಇಳಿದ ಮೇಲೆ ನೋಡಿದರೆ ಗೋಡೆಯ ಮೇಲೆ ಕೆಸರಿನ ಗೆರೆ ಅಟ್ಟಕ್ಕೆ ಒಂದು ಮೊಳ ಕೆಳಗಿತ್ತು. 2021ರಲ್ಲಿ ಮತ್ತೆ ನೀರು. ಆ ಹುಡುಗರಲ್ಲಿ ಮೂವರು ಈಗ ಊರಲ್ಲಿಲ್ಲ. ನನಗೂ ವಯಸ್ಸಾಯಿತು. ಮುಂದಿನ ಸಲ ಎತ್ತುವವರು ಯಾರು?

ಬೆಂಗಳೂರಲ್ಲಿರುವ ಮೊಮ್ಮಗಳು ಆರನೇ ಇಯತ್ತೆ. ಹಾರ್ಮೋನಿಯಂ ಕಲಿಯುತ್ತಿದ್ದಾಳೆ. ರಜೆಗೆ ಬಂದಾಗಲೆಲ್ಲ ಕಾಲಪೇಟಿಯ ಮುಂದೆ ಕೂತು, ಕಾಲು ನಿಲುಕದೆ, ಸ್ಟೂಲಿನ ತುದಿಗೆ ಸರಿದು ಸರಿದು ತುಳಿಯುತ್ತಿದ್ದಳು. ಈ ಸಲ ಕಾಲು ನಿಲುಕಿತು. "ಅಜ್ಜಾ, ಇದನ್ನ ನನಗ ಕೊಡ್ತೀರೇನ್ರಿ?" ಅಂದಳು.

ಮಗ ಫೋನಿನಲ್ಲಿ ಲೆಕ್ಕ ಹೇಳಿದ. ಚಿಕ್ಕೋಡಿಯಲ್ಲಿ ಸಾಮಾನು ಸಾಗಿಸುವವರನ್ನು ಅವನೇ ವಿಚಾರಿಸಿದ್ದ. ಬೆಂಗಳೂರಿಗೆ ಒಂದೇ ನಗ, ಬೇರೆ ಗಾಡಿ, ಹದಿನೆಂಟು ಸಾವಿರ. "ಅಪ್ಪಾ, ಅಷ್ಟ ರೊಕ್ಕದಾಗ ಆಕಿಗೆ ಚೊಲೋ ಹೊಸಾ ಕೀಬೋರ್ಡ್ ಬರ್ತದ. ಇದನ್ನ ಊರಾಗ ಯಾರಿಗಾರ ಕೊಟ್ಟಬಿಡ್ರಿ." ಅವನ ಮಾತಿನಲ್ಲಿ ತಪ್ಪಿರಲಿಲ್ಲ. ಊರಲ್ಲಿ ಕೇಳಲು ಬಂದವ ಒಬ್ಬನೇ, ಗುಜರಿಯವ. ಗಡಿಯ ನಮ್ಮ ಮಾತಿನಲ್ಲಿ ಗುಜರಿಗೆ ಭಂಗಾರ ಅನ್ನುತ್ತೇವೆ. "ಭಂಗಾರದಾಂವ ಬಂದಾನ" ಅಂದಾಗ ಮೊಮ್ಮಗಳು ಕಣ್ಣರಳಿಸಿ, "ಅಜ್ಜಾ, ನಮ್ಮ ಪೇಟಿಯೊಳಗ ಬಂಗಾರ ಐತೇನ್ರಿ?" ಅಂತ ಕೇಳಿದಳು. ಅಕ್ಷರಕ್ಕೆ ಒಂದು ಹೊಕ್ಕಳು ಸೀಳಿದರೆ ಎಷ್ಟು ಬೆಲೆ ಇಳಿಯುತ್ತದೆ ನೋಡಿ. ಅವನು ಒಳಗಿನ ಹಿತ್ತಾಳೆಗೆ ಒಂದು ದರ, ಕಟ್ಟಿಗೆಗೆ ಒಂದು ದರ ಹೇಳಿದ. ನಾನು ಚಹಾ ಕುಡಿಸಿ ಕಳಿಸಿದೆ.

ಹಟ ಹಿಡಿಯಲು ನನಗೆ ಇನ್ನೊಂದು ಕಾರಣವಿತ್ತು. ಮನೆಯವರಿಗೂ ನಾನು ಬಹಳ ಹೇಳಿದ್ದಿಲ್ಲ.

1978ರಲ್ಲಿ ರಾಯಬಾಗ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ನನಗೆ ಮಾಸ್ತರಿಕೆ ಸಿಕ್ಕಿತು. ಮಕ್ಕಳಿಗೆ ಪದ್ಯ ಕಲಿಸಲು ಬೇಕೆಂದು ಅಪ್ಪನ ಕೈಪೇಟಿ ಕೇಳಿದೆ. ಕಾಲಪೇಟಿ ಮನೆಗೆ, ಕೈಪೇಟಿ ಹೊರಗಿನ ಭಜನೆಗೆ, ಹೀಗೆ ಅವರ ಹತ್ತಿರ ಎರಡಿದ್ದವು. ಕೊಟ್ಟರು. "ಮಗ್ಗಲದಾಗ ಇಟ್ಟಕೊಂಡ ಹೋಗು" ಅಂದರು. ಜೂನ್ ತಿಂಗಳು. ಬಸ್ಸಿನಲ್ಲಿ ಕಾಲಿಡಲು ಜಾಗವಿಲ್ಲ. ಪೇಟಿ ತೊಡೆಯ ಮೇಲಿಟ್ಟುಕೊಂಡರೆ ಸೀಟು ಸಿಗುವುದಿಲ್ಲವೆಂದು ಟಾಪಿನ ಮೇಲೆ ಹಾಕಿಸಿದೆ. ಮೇಲೆ ಹೊದಿಸಲು ಮೇಣಗಪ್ಪಡ ಕೊಳ್ಳಬೇಕೆಂದುಕೊಂಡು, ನಾಲ್ಕು ರೂಪಾಯಿ ದಂಡ ಯಾಕೆಂದು ಬಿಟ್ಟೆ. ಕುಡಚಿಯ ಹತ್ತಿರ ಹೊಳೆ ದಾಟುವಾಗ ಮಳೆ ಹೊಡೆಯಿತು. ನಾನು ಒಳಗೆ ಬೆಚ್ಚಗೆ ಕೂತಿದ್ದೆ. ಇಳಿಸಿ ತೆಗೆದರೆ ತಿದಿಯ ಅಂಟು ಬಿಟ್ಟಿತ್ತು, ಕಟ್ಟಿಗೆ ಉಬ್ಬಿ ಕೀಗಳು ಒಂದಕ್ಕೊಂದು ಕಚ್ಚಿಕೊಂಡಿದ್ದವು.

ದಸರೆಗೆ ಅಪ್ಪ ನೋಡಲು ಬಂದರು. ಒಂದು ಕೀ ಒತ್ತಿದರು. ಸ್ವರ ಬರಲಿಲ್ಲ, ಬರೀ ಗಾಳಿ ಬಂತು. ಮುಚ್ಚಳ ಹಾಕಿ, "ಊಟಾ ಮಾಡಿಯೇನೋ?" ಅಂತ ಕೇಳಿದರು. ಆ ಪೇಟಿಯ ಮಾತನ್ನು ಅವರು ಸಾಯುವ ತನಕ ಎತ್ತಲಿಲ್ಲ. ಬೈದಿದ್ದರೆ ನನಗೆ ಹಗುರಾಗುತ್ತಿತ್ತು.

ಹೀಗಾಗಿ ಈ ಸಲ ಕಡಿಮೆ ಖರ್ಚು ಬೇಕು, ಆದರೆ 1978ರ ಕಡಿಮೆ ಖರ್ಚು ಬೇಡ.

ಮೊದಲು ರೈಲು ನೋಡಿದೆ. ಕುಡಚಿ, ಉಗಾರದಂಥ ನಿಲ್ದಾಣದಲ್ಲಿ ಗಾಡಿ ನಿಲ್ಲುವುದೇ ಒಂದೆರಡು ನಿಮಿಷ. ಅಷ್ಟರಲ್ಲಿ ಪೇಟಿ ಏರಿಸುವುದೆಂದರೆ ಸರ್ಕಸ್ಸು. ಮಿರಜಕ್ಕೆ ಒಯ್ದು ಪಾರ್ಸಲ್ ಮಾಡಬಹುದಿತ್ತು. ಆದರೆ ಮನೆಯಿಂದ ಮಿರಜಕ್ಕೆ ಒಂದು ಟೆಂಪೊ, ಬೆಂಗಳೂರು ನಿಲ್ದಾಣದಿಂದ ಮಗನ ಮನೆಗೆ ಇನ್ನೊಂದು, ನಡುವೆ ಎಷ್ಟು ಕೈ ಬದಲಾಗುತ್ತವೋ ಅಷ್ಟು ಸಲ ಎತ್ತಿ ಇಳಿಸುವುದು. ಹಳೆಯ ವಾದ್ಯಕ್ಕೆ ಪೆಟ್ಟು ಬೀಳುವುದು ಓಡುವಾಗ ಕಡಿಮೆ, ಎತ್ತಿ ಇಳಿಸುವಾಗಲೇ ಹೆಚ್ಚು. ಅದನ್ನು ಬಿಟ್ಟೆ.

ಆಮೇಲೆ ನಿಪ್ಪಾಣಿಗೆ ಹೋದೆ. ಪುಣೆ ಬೆಂಗಳೂರು ಹೆದ್ದಾರಿ ಊರ ಮಗ್ಗುಲಲ್ಲೇ ಹಾಯುತ್ತದೆ. ತಂಬಾಕಿನ ಊರು, ಲಾರಿಗೆ ಬರವಿಲ್ಲ. ಒಂದು ಧಾಬಾದಲ್ಲಿ ಕೂತು ಡ್ರೈವರುಗಳನ್ನು ಒಬ್ಬೊಬ್ಬರಾಗಿ ಮಾತಾಡಿಸಿದೆ. ನಾಲ್ಕನೆಯವ ಹಾವೇರಿ ಕಡೆಯವ, ನಲವತ್ತರ ಆಸುಪಾಸು. ಅವನು ಹೇಳಿದ್ದನ್ನು ನಾನು ಮೂವತ್ತು ವರ್ಷ ಗಣಿತ ಕಲಿಸಿಯೂ ಯೋಚಿಸಿರಲಿಲ್ಲ.

"ನೋಡ್ರಿ ಮಾಸ್ತರ, ಮಾಲು ಎರಡ ನಮೂನಿ. ಒಂದು ವಜ್ಜೆ ಮಾಲು, ಒಂದು ಹಗೂರ ಮಾಲು. ಅರಳಿ ಹೇರಿದ್ರ ಗಾಡಿ ತುಂಬಿ ಹೊರಗ ಬರ್ತದ, ಕಾಟಾದಾಗ ತೂಕ ಇರೂದಿಲ್ಲ. ಸಕ್ಕರಿ ಹೇರಿದ್ರ ತೂಕ ತುಂಬತದ, ಗಾಡಿ ಮ್ಯಾಲಿನರ್ಧ ಖಾಲಿ ಇರ್ತದ. ನೀವು ಅರಳಿ ಗಾಡಿಯವರನ್ನ ಕೇಳಬ್ಯಾಡ್ರಿ. ಸಕ್ಕರಿ ಗಾಡಿಯವರನ್ನ ಕೇಳ್ರಿ."

ಮಕ್ಕಳೇ, ನಿಮ್ಮ ಶಾಲೆಯ ಚೀಲದಲ್ಲಿ ಪ್ರಯೋಗ ಮಾಡಿ ನೋಡಿ. ಪುಸ್ತಕ ತುಂಬಿದರೆ ಹೆಗಲು ಮೊದಲು ಸೋಲುತ್ತದೆ, ಚಾದರ ತುರುಕಿದರೆ ಚೀಲ ಮೊದಲು ಸೋಲುತ್ತದೆ. ಹೆಗಲು ಸೋತ ಚೀಲದಲ್ಲಿ ಇನ್ನೂ ಜಾಗ ಉಳಿದಿರುತ್ತದೆ. ನನ್ನ ಪೇಟಿಗೆ ಬೇಕಾಗಿದ್ದು ಆ ಉಳಿದ ಜಾಗ. ಬೆಲ್ಲದ ಅಂಗಡಿಯ ತಕ್ಕಡಿಯಲ್ಲಿ ಅದನ್ನು ತೂಗಿದ್ದೆ, 64 ಕೆ.ಜಿ. ಸಕ್ಕರೆ ಚೀಲ ಒಂದಕ್ಕೆ 50. ಎರಡು ಚೀಲ ಕಡಿಮೆ ಹೇರಿದರೆ ಪೇಟಿಯ ತೂಕ ಸರಿಹೋಗುತ್ತದೆ. ಮೇಲಾಗಿ ಸಕ್ಕರೆ ಚೀಲದ ಹಾಸಿಗೆ ಸಮತಟ್ಟು, ಧಕ್ಕೆ ತಡೆಯುತ್ತದೆ, ತಾಡಪತ್ರಿ ಬಿಗಿದು ಹೊದಿಸಿರುತ್ತಾರೆ. ಸಕ್ಕರೆಗೆ ನೀರು ತಾಗಿದರೆ ಅವರಿಗೇ ನಷ್ಟವಲ್ಲವೇ? ನನ್ನ ಪೇಟಿಯನ್ನು ನನಗಿಂತ ಹೆಚ್ಚು ಜಾಗ್ರತೆಯಿಂದ ಮಳೆಯಿಂದ ಕಾಯುವವರು ಅವರೇ.

ನಮ್ಮ ತಾಲ್ಲೂಕಿನ ಸುತ್ತ ಸಕ್ಕರೆ ಕಾರ್ಖಾನೆಗೆ ಕೊರತೆಯಿಲ್ಲ. ಆದರೆ ಕಾಯಬೇಕಾಯಿತು. ಹನ್ನೊಂದು ದಿನ. ಬೆಂಗಳೂರಿಗೆ ಹೋಗುವ ಗಾಡಿ ಬೇಕು, ಒಪ್ಪುವ ಡ್ರೈವರ ಬೇಕು, ಮಾಲಿನ ಮಾಲೀಕರ ಒಪ್ಪಿಗೆ ಬೇಕು. ಮಗ ದಿನಾ ಫೋನು: "ಆತೇನ್ರಿ?" ಅವಸರ ಇದ್ದವನಿಗೆ ಹದಿನೆಂಟು ಸಾವಿರ, ಕಾಯುವವನಿಗೆ ಎರಡೂವರೆ ಸಾವಿರ. ಕೊನೆಗೆ ಅಷ್ಟಕ್ಕೇ ಮುಗಿಯಿತು, ಮೇಲೆ ಹಮಾಲರಿಗೆ ನಾನೂರು ಮತ್ತು ಎಲ್ಲರಿಗೂ ಊಟ. ಬಿಲ್ಟಿಯಲ್ಲಿ "ಹಳೆಯ ಹಾರ್ಮೋನಿಯಂ, ನಗ 1" ಅಂತ ಬರೆಸಿಕೊಂಡೆ. ಹಿರಿಯರೇ, ಮಾತಿನ ಮೇಲೆ ಏನನ್ನೂ ಏರಿಸಬೇಡಿ, ಬಿಲ್ಟಿಯಲ್ಲಿ ಹೆಸರಿರಲಿ.

ಆ ಹನ್ನೊಂದು ದಿನ ಸುಮ್ಮನೆ ಹೋಗಲಿಲ್ಲ. ತುಳಿಯುವ ಹಲಗೆಯ ತೊಗಲಿನ ಪಟ್ಟಿ ಜೀರ್ಣವಾಗಿತ್ತು. ಅಥಣಿಗೆ ಹೋಗಿ ಚಪ್ಪಲಿ ಮಾಡುವವರ ಹತ್ತಿರ ಕೂತೆ. ಕೊಲ್ಹಾಪುರಿ ಅಂತ ಜಗತ್ತಿಗೆಲ್ಲ ಹೋಗುವ ಚಪ್ಪಲಿಯಲ್ಲಿ ಎಷ್ಟೋ ಜೋಡು ಅಥಣಿಯಲ್ಲಿ ಹುಟ್ಟುತ್ತವೆ. ಅಲ್ಲಿಯ ಹಿರಿಯರೊಬ್ಬರು ಹಳೆಯ ಪಟ್ಟಿಯನ್ನು ಮೂಸಿ, ಬಗ್ಗಿಸಿ ನೋಡಿ, ಅದೇ ದಪ್ಪದ ತೊಗಲು ಕೊಯ್ದು ಕೊಟ್ಟರು. "ಏನಕ್ಕ್ರಿ ಇದು?" ಅಂದರು. ಪೇಟಿಗೆ ಅಂದೆ. "ಹಂಗಾರ ಇದೂ ಒಂದ ಕಾಲಿಂದ ಅಂದಂಗಾತು" ಅಂದು ಕಡಿಮೆ ರೊಕ್ಕ ತೆಗೆದುಕೊಂಡರು.

ಕಟ್ಟುವ ಕೆಲಸ ಮೊಮ್ಮಗಳ ಅಪ್ಪಣೆಯಂತೆ ನಡೆಯಿತು. ಬಿಚ್ಚುವ ಮೊದಲು ಪ್ರತಿ ಭಾಗದ ಫೋಟೋ. ಒಂದೊಂದು ಕಡೆಯ ಮೊಳೆ ಒಂದೊಂದು ಲಕೋಟೆಗೆ, ಮೇಲೆ ಅವಳ ಅಕ್ಷರ. ಒಳಗೆ ಇಲಿಗಳ ಹಳೆಯ ಗೂಡೊಂದು ಸಿಕ್ಕಿತು, ಅಪ್ಪನ ಕಾಲದ ನಾಟಕದ ಹ್ಯಾಂಡಬಿಲ್ಲು ಕತ್ತರಿಸಿ ಮಾಡಿದ್ದು. ಓದಲು ಒಂದು ಅಕ್ಷರವೂ ಉಳಿದಿರಲಿಲ್ಲ. ತಿದಿ ಓಡಾಟದಲ್ಲಿ ಬಡಿದಾಡಬಾರದೆಂದು ಅದನ್ನು ಮಡಚಿ ನಾಡಾ ಕಟ್ಟಿದೆವು. ಕೀಗಳ ಮೇಲೆ ಉದ್ದಕ್ಕೆ ಮಡಿಸಿದ ಧೋತರ ಇಟ್ಟು ಮುಚ್ಚಳ ಹಾಕಿದೆವು. ನನ್ನ ಹೆಂಡತಿ ತನ್ನ ತವರಿನಿಂದ ಬಂದ ಎರಡು ಕೌದಿ ತಂದಳು. ನಾನು ಪ್ಲಾಸ್ಟಿಕ್ ಸುತ್ತೋಣ ಅಂದಿದ್ದೆ. "ಬ್ಯಾಸಗ್ಯಾಗ ಪ್ಲಾಸ್ಟಿಕ್ ಸುತ್ತಿದ್ರ ಒಳಗ ಬೆವರತೈತಿ, ನಿಮಗ ಸುತ್ತಿ ನೋಡೂನೇನು?" ಅಂದಳು. ಕೌದಿಯೇ ಸರಿ. ಅದರ ಮೇಲೆ ಗೋಣಿತಟ್ಟು, ಅದರ ಮೇಲೆ ಹಗ್ಗ, ಸಂದಿಯಲ್ಲಿ ಬೇವಿನ ಸೊಪ್ಪು.

ಹಮಾಲರು ಮೂವರು ಬಂದರು. ಚೀಲ ಎತ್ತುವ ಕಬ್ಬಿಣದ ಕೊಕ್ಕೆ ಅವರ ಕೈಗೆ ಅಂಟಿಕೊಂಡೇ ಇರುತ್ತದೆ. ಮೊಮ್ಮಗಳು ಬಾಗಿಲಲ್ಲಿ ನಿಂತು, "ಕಾಕಾ, ಕೊಕ್ಕೆ ಇಲ್ಲಿಡ್ರಿ" ಅಂತ ಪರಾತ ಹಿಡಿದಳು. ಮೂವರೂ ನಗುತ್ತ ಪರಾತದಲ್ಲಿ ಕೊಕ್ಕೆ ಹಾಕಿ ಒಳಗೆ ಬಂದರು. ಹೊರಗೆ ಚಾಚಿದ ಯಾವ ಭಾಗವನ್ನೂ ಹಿಡಿಯದೆ, ತಳಕ್ಕೆ ಎರಡು ಪಟ್ಟಿ ಹಾಯಿಸಿ, ನಿಂತ ಹಾಗೇ ಎತ್ತಿದರು. ಕಾಲಪೇಟಿಯನ್ನು ಮಲಗಿಸಬಾರದು. ಲಾರಿಯಲ್ಲಿ ಕ್ಯಾಬಿನ್ನಿನ ಬೆನ್ನಿಗೆ ಒತ್ತಿ ನಿಲ್ಲಿಸಿ ಎರಡೂ ಮಗ್ಗುಲಿಗೆ ಒಂದೊಂದು ಸಕ್ಕರೆ ಚೀಲ ನಿಲ್ಲಿಸಿದರು. ನನ್ನ ಹೆಂಡತಿ ಅರಿಷಿಣ ಕುಂಕುಮ ಹಚ್ಚಿದಳು. ಹಚ್ಚಿದ್ದು ಕೌದಿಗೆ, ಇರಲಿ.

ಸಂಜೆ ಗಾಡಿ ಹೊರಟಿತು. ಅಂದು ರಾತ್ರಿ ನಿದ್ದೆ ಬರಲಿಲ್ಲ. ಮುಂಗಾರಿಗೆ ಇನ್ನೂ ಮೂರು ವಾರ ಇತ್ತು, ಆದರೂ ಹನ್ನೊಂದರ ಹೊತ್ತಿಗೆ ದಕ್ಷಿಣಕ್ಕೆ ಮಿಂಚು ಕಂಡಿತು. ಎದ್ದು ಅಂಗಳದಲ್ಲಿ ಕೂತೆ. ಡ್ರೈವರ ಹುಡುಗನಿಗೆ ಫೋನು ಹಚ್ಚಲು ನಾಚಿಕೆ. ಒಂದು ಗಂಟೆಗೆ ಅವನೇ ಹಚ್ಚಿದ: "ಅಜ್ಜಾರ, ಧಾರವಾಡದಾಗ ಮಳಿ ಬಂತ್ರಿ. ಇಳದು ತಾಡಪತ್ರಿ ನೋಡೇನಿ. ನಿಮ್ಮ ಪೇಟಿ ಒಣಗಾನ ಐತಿ. ಮಕ್ಕೋರಿ." ಅವನಿಗೆ 1978ರ ಮಾತು ನಾನು ಹೇಳಿರಲಿಲ್ಲ.

ಮರುದಿನ ಸಂಜೆ ಪೇಟಿ ಬೆಂಗಳೂರಿನ ಮೂರನೇ ಅಂತಸ್ತು ಸೇರಿತು. ಎರಡು ದಿನ ತುಳಿಯಬೇಡ, ಹೊಸ ಗಾಳಿಗೆ ಹೊಂದಲಿ ಅಂತ ಮೊಮ್ಮಗಳಿಗೆ ಹೇಳಿದ್ದೆ. ಅವಳು ಕ್ಯಾಲೆಂಡರಿನಲ್ಲಿ ಗುರುತು ಹಾಕಿ ಕಾದಳು. ಲಕೋಟೆ ನೋಡಿ ಮೊಳೆ ಕೂಡಿಸಿದ್ದೂ ಅವಳೇ, ಹಿಡಿದದ್ದು ಮಾತ್ರ ಅವಳಪ್ಪ. ಕೀಬೋರ್ಡ್ ಕೊಳ್ಳೋಣ ಅಂದಿದ್ದ ಅದೇ ನನ್ನ ಮಗ.

ಅಮೆರಿಕದ ಹುಡುಗನೇ, ನಿನ್ನ ಅಪ್ಪನಿಗೆ ಹೇಳು. ಮೂರು ನೂರು ಕೆ.ಜಿ.ಯ ಪಿಯಾನೊವನ್ನು ಗೆಳೆಯರನ್ನು ಕರೆದು ಎತ್ತಿಸುವ ಸಾಹಸ ಬೇಡ. ಎತ್ತುವುದಕ್ಕೆ ತಿಳಿದವರಿಗೇ ರೊಕ್ಕ ಕೊಡಲಿ. ಉಳಿಸುವುದಿದ್ದರೆ ದಾರಿಯ ಖರ್ಚಿನಲ್ಲಿ ಉಳಿಸಲಿ: ಆ ಕಡೆಯಿಂದ ಈ ಕಡೆಗೆ ಖಾಲಿ ಬರುವ ಗಾಡಿ ಯಾವುದು, ಬೇರೆಯವರ ಪಿಯಾನೊ ಒಯ್ಯುವವರು ಯಾವಾಗ ಬರುತ್ತಾರೆ, ಕೇಳಲಿ, ಕಾಯಲಿ. ಅದರ ತಳದ ಪುಟ್ಟ ಗಾಲಿಗಳ ಮೇಲೆ ಬೀದಿಯಲ್ಲಿ ದೂಡಬಾರದು, ಅವು ಕೋಣೆಯೊಳಗೆ ಸರಿಸಲು ಮಾತ್ರ. ಕಾಗದದ ಸುರುಳಿಗಳನ್ನು ಪಿಯಾನೊದ ಜೊತೆ ಕಟ್ಟದೆ ನಿಮ್ಮ ಕಾರಿನಲ್ಲೇ ತನ್ನಿ. ಅವು ಹರಿದರೆ ಹಾಡೇ ಹರಿದಂತೆ. ಕೊಡುವ ಆ ಅಜ್ಜಿ ಇನ್ನೂ ಗಟ್ಟಿಯಿದ್ದರೆ, ಒಯ್ಯುವ ಮೊದಲು ಒಂದು ಸಲ ಅವರಿಂದಲೇ ತುಳಿಸಿ, ಫೋನಿನಲ್ಲಿ ಹಿಡಿದುಕೊಳ್ಳಿ.

ಮೂರನೇ ದಿನ ಬೆಂಗಳೂರಿನಿಂದ ವಿಡಿಯೋ ಫೋನು ಬಂತು. ಮೊಮ್ಮಗಳು ಅಥಣಿಯ ತೊಗಲಿನ ಮೇಲೆ ಕಾಲಿಟ್ಟು ತುಳಿದಳು. ಒಂದು ಸ್ವರ ಮೂಕಾಗಿತ್ತು, ಮೇಲಿನ ಸಪ್ತಕದ ಗಾಂಧಾರ. ಉಳಿದವೆಲ್ಲ ಬಂದವು. ಒಂದು ನಿಮಿಷ ನುಡಿಸಿದಳೋ ಇಲ್ಲವೋ, ಹಿಂದಿನಿಂದ ಸೊಸೆ ಕೂಗಿದ್ದು ಕೇಳಿಸಿತು.

"ಮಾವಾರ, ಪೇಟಿಯೊಳಗಿಂದ ಇರಿವಿ ಸಾಲ ಹೊಂಟೈತ್ರಿ! ಸಕ್ಕರಿ ಹೊತ್ಕೊಂಡ ಹೊಂಟಾವ!"

ಮೊಮ್ಮಗಳು ತುಳಿಯುವುದನ್ನು ನಿಲ್ಲಿಸಲಿಲ್ಲ.